ಬೋರಲು ಲೋಟ

ಹೊಸಿಲ ಆಚೆ ಎರಡು ಜೊತೆ ಕಾಲು, ಒಂದು ಹೆಣ್ಣಿನದು, ಬೆಳ್ಳಿಯ ಕಾಲುಂಗುರ, ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿ ಕೆಂಪಾಗಿದೆ, ಇನ್ನೊಂದು ಗಂಡಿನದು, ಪಾಲಿಶ್ ಮಾಡಿದ ಬೂಟಿನ ಮೇಲೆ ರೈಲಿನ ಧೂಳು, ಒಳಗೆ ಬರಲೋ ಬೇಡವೋ ಎಂದು ನಿಂತ ಕಾಲು ಹೊಸಬರದು ಎಂದು ಬಾಣಲೆಯಿಂದ ಕಣ್ಣೆತ್ತದೆಯೇ ಹೇಳಿಬಿಡುತ್ತೇನೆ ನಾನು, ಊರವರು ಹಾಗೆ ನಿಲ್ಲುವುದಿಲ್ಲ, ಊರವರು ಸೀದಾ ನುಗ್ಗಿ ಬಂದು ಚಹಾ ಯಾಕೆ ತಡ ಎಂದು ನನ್ನನ್ನೇ ಗದರುತ್ತಾರೆ — ಹಾಲು ಉಕ್ಕಿತು, ತಡೆ, ಉರಿ ಸಣ್ಣ ಮಾಡು — ಗದ್ವಾಲದಲ್ಲಿ ಇಳಿದವರಿಗೆ ಮೊದಲು ಸಿಗುವುದೇ ನಮ್ಮ ಹೋಟೆಲ್, ಸ್ಟೇಷನ್ ರಸ್ತೆಗೆ ಹೊರಳಿದರೆ ಎಡಗಡೆ, ಸೀರೆ ಕೊಳ್ಳಲು ಬಂದವರು, ಕೋಟೆ ನೋಡಲು ಬಂದವರು, ಜೋಗುಳಾಂಬೆಯ ಗುಡಿಗೆ ಹೊರಟವರು, ಎಲ್ಲರೂ ಒಂದು ಗಳಿಗೆ ಹೊಸಿಲಲ್ಲಿ ಹೀಗೇ ತಡವರಿಸುತ್ತಾರೆ, ಅಪ್ಪ ಇದ್ದಾಗ ಗಲ್ಲಾ ಬಿಟ್ಟು ಎದ್ದೇ ಬಿಡುತ್ತಿದ್ದ, ಹೊಸಬ ನಿಂತಿದ್ದಾಗ ನಾವು ಕೂತಿರಬಾರದು ಎನ್ನುತ್ತಿದ್ದ, ನಾನೂ ಏಳುತ್ತೇನೆ, ಕೈ ಒರೆಸಿಕೊಳ್ಳುತ್ತೇನೆ, ಕಡಲೆಹಿಟ್ಟು ಮೊಣಕೈ ತನಕ ಮೆತ್ತಿದೆ, ಇವತ್ತು ನಾನು ಇಲ್ಲಿ ಇರಲೇಬಾರದಿತ್ತು, ಇವತ್ತು ನಾನು ಮನೆಯಲ್ಲಿ ಮಲ್ಲಿಗೆ ಮುಡಿದು ಗೊಂಬೆಯ ಹಾಗೆ ಕೂತಿರಬೇಕಿತ್ತು, ಮಧ್ಯಾಹ್ನ ರಾಯಚೂರಿನಿಂದ ನನ್ನನ್ನು ನೋಡಲು ಬರುತ್ತಾರೆ, ಆದರೆ ಬಜ್ಜಿ ಕರಿಯುವ ಖಂಡಪ್ಪ ತನ್ನೂರು ಗಟ್ಟುವಿನಲ್ಲಿ ಬಸ್ಸು ತಪ್ಪಿಸಿಕೊಂಡು ಕೂತಿದ್ದಾನೆ, ಶಟರ್ ಎಳೆದರೆ ಬೆಳಗಿನ ರೈಲಿಗೆ ಇಳಿದವರು ಎಲ್ಲಿಗೆ ಹೋಗಬೇಕು, ಅರ್ಧ ಗಂಟೆ ಅಷ್ಟೇ ಅವ್ವ ಎಂದು ಹೇಳಿ ಬಂದೆ, ಅವ್ವ ಬೆನ್ನ ಹಿಂದೆ ಏನೇನೋ ಅಂದಳು, ಕೇಳಿಸಿಕೊಳ್ಳಲಿಲ್ಲ, ಕೇಳಿಸಿಕೊಂಡಿದ್ದರೆ ಬರುತ್ತಿರಲಿಲ್ಲ.

ಇಲ್ಲೇ ಕೇಳೂಣು ನಡಿ, ಹೊಟ್ಟಿಗೂ ಒಂದಿಷ್ಟು ಆಗ್ತೈತಿ, ಎಂದು ಆ ಹೆಣ್ಣುಮಗಳು ಜೊತೆಯವನಿಗೆ ಹೇಳಿದ್ದು ಕಿವಿಗೆ ಬಿತ್ತು, ಕನ್ನಡ, ನಮ್ಮ ಕಡೆಯ ಕನ್ನಡ, ಕೇಳಿದ ಕೂಡಲೇ ಬಾಯಿ ತಾನೇ ಹೊರಳುತ್ತದೆ, ತೆಲುಗಿನವರಿಗೆ ರಂಡಿ ಕೂಚೋಂಡಿ, ಕನ್ನಡದವರಿಗೆ ಬರ್ರಿ ಕೂಡ್ರಿ, ಒಂದೇ ಮಂಡಕ್ಕಿ ಅವರಿಗೆ ಉಗ್ಗಾಣಿ ಇವರಿಗೆ ಒಗ್ಗರಣಿ, ಬರ್ರಿ ಅಕ್ಕಾರ, ಫ್ಯಾನಿನ ಕೆಳಗ ಕೂಡ್ರಿ ಎಂದೆ, ಚೀಲವನ್ನು ನಾನೇ ಇಸಿದುಕೊಂಡು ಬೆಂಚಿನ ಮೇಲಿಟ್ಟೆ, ಹೊಸಬರ ಚೀಲ ನೆಲದ ಮೇಲೆ ಇಡಬಾರದು, ಅದೂ ಅಪ್ಪನದೇ ಮಾತು — ಮೊಳೆಗೆ ತೂಗುಹಾಕಿದ, ಹಿಡಿಕೆಯಿರುವ ಹಿತ್ತಾಳೆ ಲೋಟಗಳನ್ನು ತೆಗೆದೆ, ಊರವರಿಗೆ ಗಾಜಿನದು, ಮೊದಲ ಸಲ ಬಂದವರಿಗೆ ಹಿತ್ತಾಳೆ, ಅಪ್ಪ ಹೋಟೆಲ್ ಇಟ್ಟ ವರ್ಷ ರಾಯಚೂರಿನಿಂದ ತಂದದ್ದು, ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅಂಚು ಸವೆದಿದೆ, ಚಹಾ ಹೊಯ್ಯುತ್ತ ಎಲ್ಲರಿಗೂ ಹೇಳುವ ಮಾತನ್ನೇ ಇವರಿಗೂ ಹೇಳಿದೆ, ಇದು ಹೊಸಬರ ಲೋಟ ರೀ, ಇದಕ್ಕ ರೊಕ್ಕ ಇಲ್ಲ, ಖಾಲಿ ಆದಂಗ ಹಾಕ್ತಾ ಇರ್ತೀನಿ, ಸಾಕಾತು ಅಂದ್ರ ಬಾಯಿಲೆ ಅನಬ್ಯಾಡ್ರಿ, ಬೋರಲ ಇಡ್ರಿ, ಅಷ್ಟ. ಸಾಕು ಎನ್ನುವುದಕ್ಕೆ ಹೊಸಬರಿಗೆ ಸಂಕೋಚ, ಇನ್ನೂ ಬೇಕು ಎನ್ನುವುದಕ್ಕೆ ಇನ್ನೂ ಸಂಕೋಚ, ಅದಕ್ಕೇ ಅಪ್ಪ ಮಾತನ್ನು ಲೋಟಕ್ಕೆ ಕೊಟ್ಟುಬಿಟ್ಟಿದ್ದ. ಹೆಣ್ಣುಮಗಳು ನಕ್ಕಳು, ಹಣೆಯ ಮೇಲೆ ವಿಭೂತಿ, ನಕ್ಕರೆ ಕೆನ್ನೆ ತುಂಬಿಕೊಳ್ಳುವ ಮುಖ, ಚಲೋ ರೂಢಿ ಇಟ್ಟೀರಿ ಎಂದಳು, ಆಮೇಲೆ ಅವನು ಲೋಟಕ್ಕೆ ಕೈ ಚಾಚಿದ, ತಲೆ ಎತ್ತಿದ, ಬಲಗಡೆಯ ಹುಬ್ಬು ನಡುವೆ ಸೀಳಿದೆ, ಕೂದಲು ಹುಟ್ಟದ ಸಣ್ಣ ಗೀರು — ಕೆಟಲ್ ಕೈಯಲ್ಲೇ ನಿಂತಿತು, ಚಹಾ ಟೇಬಲ್ಲಿಗೆ ಚೆಲ್ಲಿತು, ಒರೆಸು, ಒರೆಸು, ಆ ಹುಬ್ಬನ್ನು ನಾನು ಫೋನಿನಲ್ಲಿ ಎರಡು ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದೇನೆ, ಇವನು ಶರಣಬಸವ, ಮಧ್ಯಾಹ್ನ ಬರಬೇಕಾದವನು, ನನ್ನನ್ನು ನೋಡಲು ಬಂದವನು, ಹಾಗಾದರೆ ಇವಳು ಅವನನ್ನು ಸಾಕಿದ ಅಕ್ಕ, ಚನ್ನವೀರಮ್ಮ, ಇಬ್ಬರೂ ನನ್ನ ಮುಂದೆಯೇ ಕೂತಿದ್ದಾರೆ, ಇಬ್ಬರಿಗೂ ನಾನು ಯಾರು ಎಂಬುದು ಗೊತ್ತಿಲ್ಲ.

ಹೇಗೆ ಗೊತ್ತಾಗಬೇಕು, ಅವರಿಗೆ ಕಳಿಸಿದ ಫೋಟೋದಲ್ಲಿ ನಾನು ಎಲ್ಲಿದ್ದೇನೆ, ಸ್ಟುಡಿಯೋ ರಾಜಕುಮಾರ ಕಂಪ್ಯೂಟರಿನಲ್ಲಿ ನನ್ನನ್ನು ಎಷ್ಟು ಬೆಳ್ಳಗೆ ಮಾಡಿದನೆಂದರೆ ಇದ್ಯಾರ ಮಗಳು ಎಂದು ಅವ್ವನೇ ಕೇಳಿದಳು, ಹೊರಗೆ ಬೋರ್ಡು ಇದ್ದಿದ್ದರೆ ಕರಿಬಸಯ್ಯ ಹೋಟೆಲ್ ಎಂದು ಓದಿಕೊಂಡು ಹುಷಾರಾಗುತ್ತಿದ್ದರೋ ಏನೋ, ಬೋರ್ಡನ್ನು ಪೇಂಟರ್ ಸುನಿಲ ಮೊನ್ನೆಯೇ ಇಳಿಸಿಕೊಂಡು ಹೋಗಿದ್ದಾನೆ, ರಾಯಚೂರಿನವರು ಬರುವಷ್ಟರಲ್ಲಿ ತೆಲುಗಿನ ಕೆಳಗೆ ಕನ್ನಡದಲ್ಲೂ ಬರೆದು ಕೊಡೋ ಎಂದು ನಾನೇ ಬೆನ್ನು ಹತ್ತಿದ್ದೆ, ನಾಳೆ ನಾಳೆ ಎಂದು ಇನ್ನೂ ತಂದಿಲ್ಲ, ಅವನ ಬ್ರಷ್ಷಿಗೆ ಬೆಂಕಿ ಬೀಳ — ಅವರು ಬರಬೇಕಾದದ್ದು ಈ ಸಂಬಂಧ ತಂದ ಮಕ್ತಲದ ನಾಗಯ್ಯ ಮಾಮನ ಜೊತೆ, ಅವನ ಕಾರಿನಲ್ಲಿ, ಊಟದ ಹೊತ್ತಿಗೆ, ಈಗ ಯಾಕೆ ಬಂದರು, ರೈಲಿಗೆ ಯಾಕೆ ಬಂದರು — ಗೊತ್ತಾಯಿತು, ಅಯ್ಯೋ, ಗೊತ್ತಾಯಿತು, ಕನ್ಯಾ ನೋಡುವ ಮುಂಚೆ ಊರಲ್ಲಿ ವಿಚಾರಿಸುವುದು, ನಮ್ಮ ಮಂದಿ ಯಾರು ಬಿಟ್ಟಾರೆ, ಮಧ್ಯಸ್ಥನ ಮಾತು ನಂಬುವುದಿಲ್ಲ, ಹೆಣ್ಣಿನ ಮನೆಗೆ ಹೋಗುವ ಮೊದಲು ಊರ ಬಾಗಿಲಲ್ಲಿರುವ ಹೋಟೆಲಿನಲ್ಲಿ ಕೂತು ಚಹಾ ಕುಡಿಯುತ್ತ, ಆ ಮನಿಯವರು ಹೆಂಗ, ಆ ಹುಡುಗಿ ಹೆಂಗ ಎಂದು ಕೇಳುವುದು, ನನ್ನನ್ನೇ ಎಷ್ಟು ಮಂದಿ ಕೇಳಿಲ್ಲ, ವಡ್ಡೆಪಲ್ಲಿಯವರು ಬಂದು ನೇಕಾರ ಶ್ರೀರಾಮುಲು ಮಗಳು ಪ್ರಶಾಂತಿಯನ್ನು ಕೇಳಿದಾಗ ಹುಡುಗಿಗೆ ಸಿಟ್ಟು ಬೇಗ, ಆದರೆ ಸಿಟ್ಟಿನಲ್ಲಿ ಯಾರನ್ನೂ ಉಪವಾಸ ಕೆಡವಿದವಳಲ್ಲ ಎಂದಿದ್ದೆ, ಇದ್ದದ್ದು ಇದ್ದಂಗ ಹೇಳ್ದಿ ಎಂದು ನಕ್ಕು ಅಲ್ಲಿಂದಲೇ ಹೋಗಿ ಹೂವು ಮುಡಿಸಿ ಬಂದರು, ಅವತ್ತಿನಿಂದ ಪ್ರಶಾಂತಿಯ ತಾಯಿ ಬುಚ್ಚಮ್ಮ ಬೆಳಿಗ್ಗೆ ಬಂದು ಚಟ್ನಿ ರುಬ್ಬಿ ಕೊಟ್ಟು ಹೋಗುತ್ತಾಳೆ, ಬೇಡವೆಂದರೂ ಬಿಡುವುದಿಲ್ಲ, ಈಗಲೂ ಹಿಂದೆ ಅಡುಗೆಮನೆಯಲ್ಲಿ ರುಬ್ಬುತ್ತಿದ್ದಾಳೆ, ಬುಚ್ಚಮ್ಮ ಈಗ ಹೊರಗೆ ಬರಬಾರದು, ದೇವರೇ ಬರಬಾರದು, ಬಂದರೆ ನನ್ನ ಹೆಸರು ಹಿಡಿದೇ ಕೂಗುತ್ತಾಳೆ.

ಏನವ್ವ ತಂಗಿ, ನೀವು ಇದೇ ಊರವರೇನು, ಎಂದಳು ಚನ್ನವೀರಮ್ಮ. ಹೌದ್ರಿ ಅಕ್ಕಾರ, ಹುಟ್ಟಿದ್ದ ಇಲ್ಲೇ ಎಂದೆ, ಸುಳ್ಳಲ್ಲ. ಇಲ್ಲೆ ಕರಿಬಸಯ್ಯ ಅಂತ ಇದ್ದರಂತ, ಹೋಟೆಲ್ ಇತ್ತಂತ ಅವರದು, ಬೋರ್ಡ್ ನೋಡ್ಕೊಂತ ಬಂದ್ವಿ ಕಾಣಲಿಲ್ಲ, ಎಂದಳು. ಐತ್ರಿ, ಹತ್ತರನಽ ಐತಿ ಎಂದೆ, ಅದೂ ಸುಳ್ಳಲ್ಲ, ನನ್ನ ನಾಲಗೆಯೇ ನನಗೆ ಹೊಸದಾಗಿ ಕಾಣುತ್ತಿದೆ. ಈಗಲೇ ಹೇಳಬೇಕಿತ್ತು, ನಾನೇ ಅಕ್ಕಾರ ಎಂದು ಒಂದು ಮಾತು, ನಕ್ಕುಬಿಡುತ್ತಿದ್ದರು, ಆದರೆ ಹಿಟ್ಟು ಮೆತ್ತಿದ ಕೈ, ಎಣ್ಣೆ ಹೊಗೆಗೆ ಅಂಟಿಕೊಂಡ ಕೂದಲು, ಮಾಸಿದ ಸೀರೆ, ಹೀಗೆ ಹೇಗೆ ಹೇಳಲಿ, ಮನೆಯಲ್ಲಿ ಮಂಚದ ಮೇಲೆ ಶ್ರೀರಾಮುಲು ನೇಯ್ದ ಸೀರೆ ಮಡಿಸಿಟ್ಟಿದೆ, ಹತ್ತಿಯ ಒಡಲು, ರೇಷ್ಮೆಯ ಸೆರಗು, ಎರಡನ್ನೂ ಎಳೆಗೆ ಎಳೆ ಸೇರಿಸಿ ಹೊಸೆದದ್ದು ಎಲ್ಲಿ ಕೂಡಿತು ಎಂದು ಬೆರಳಿಗೂ ಸಿಗುವುದಿಲ್ಲ, ನಿನ್ನ ದಿನಕ್ಕೆಂದೇ ಎತ್ತಿಟ್ಟಿದ್ದೆ ತಾಯೀ ಎಂದು ಕೊಟ್ಟಿದ್ದಾನೆ, ಅದನ್ನು ಉಟ್ಟು ಬಂದಿದ್ದರೆ ಹೇಳಬಹುದಿತ್ತು — ಅಷ್ಟರಲ್ಲಿ ಅವಳೇ ಹೇಳಿದಳು, ಅವರ ಮಗಳು ಒಬ್ಬಾಕಿ ಅದಾಳಂತಲ್ಲ, ಶಿವರಂಜನಿ ಅಂತ, ಆಕಿ ಹೆಂಗವ್ವ? ನನ್ನ ಹೆಸರು ಅವಳ ಬಾಯಲ್ಲಿ ಯಾರದೋ ಹೆಸರಿನ ಹಾಗೆ ಕೇಳಿಸಿತು. ಆ ಯಾರದೋ ಹುಡುಗಿಯನ್ನು ನಾನೂ ಒಂದು ಗಳಿಗೆ ನೋಡಿದೆ, ಮದುವೆಯ ವಯಸ್ಸು ದಾಟಿದವಳು, ಅಪ್ಪ ಹೋದ ಮೇಲೆ ಹೋಟೆಲ್ ಹಿಡಿದವಳು, ಬಂದವರನ್ನೆಲ್ಲ ಯಾವೂರು ಎಂದು ಕೇಳುವವಳು, ಸಂಜೆ ಬಾಗಿಲು ಹಾಕಿ ಮನೆಗೆ ಹೋಗುವಾಗ ಯಾರ ಜೊತೆಯೂ ಇಲ್ಲದವಳು.

ನನಗೆ ಈ ಮದುವೆ ಬೇಕು. ಯಾರಿಗೂ ಬಾಯಿಬಿಟ್ಟು ಹೇಳಿಲ್ಲ, ಅವ್ವನಿಗೂ ಹೇಳಿಲ್ಲ, ನೋಡಿ ಬೇಕಾದರೆ ನಿಮ್ಮಿಷ್ಟ ಎಂದು ಮುಖ ತಿರುಗಿಸಿಕೊಂಡಿದ್ದೆ, ಆದರೆ ನಾಗಯ್ಯ ಮಾಮ ಕಳಿಸಿದ ಇವನ ದನಿ ನನ್ನ ಫೋನಿನಲ್ಲಿದೆ, ಹುಡುಗಿಗೆ ಮನಸಿದ್ದರ ಅಷ್ಟ ಸಾಕ್ರಿ ಮಾಮ, ಒತ್ತಾಯ ಮಾಡಬ್ಯಾಡ್ರಿ, ಅಷ್ಟೇ ಮಾತು, ಹಿಟ್ಟು ಕಲಸುತ್ತ ಕೇಳಿದ್ದೇನೆ, ಮಂಡಕ್ಕಿ ತೋಯಿಸುತ್ತ ಕೇಳಿದ್ದೇನೆ, ನನಗೆ ಮನಸ್ಸಿದೆಯೇ ಎಂದು ಇದುವರೆಗೆ ಯಾರು ಕೇಳಿದ್ದರು, ಉಟ್ಕೂರಿನವರು ಬಂದಿದ್ದರು, ಮೊದಲು ಹೋಟೆಲ್ ಮುಚ್ಚಿರಿ ಆಮ್ಯಾಲ ಮಾತು ಎಂದರು, ಮಕ್ತಲದವರು ಬಂದಿದ್ದರು, ಗಲ್ಲಾದ ಮೇಲೆ ನಮ್ಮ ಹುಡುಗ ಕೂಡ್ತಾನ, ನೀ ಒಳಗಿರು ಎಂದರು, ಇವನು ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಂಗಡಿಯವನು, ರಾಯಚೂರಿನಲ್ಲಿ, ಹೆಂಡತಿ ತೀರಿಕೊಂಡು ವರ್ಷಗಳಾದವು, ಮಕ್ಕಳಿಲ್ಲ, ಬೆರಳ ತುದಿ ವಾರ್ನಿಷಿಗೆ ಕಂದಾಗಿದೆ, ಈಗ ಲೋಟ ಹಿಡಿದ ಆ ಬೆರಳನ್ನೇ ನೋಡುತ್ತಿದ್ದೇನೆ, ನೋಡಬೇಡ, ಹೊಸಬರ ಬೆರಳು ನೋಡಿಕೊಂಡು ನಿಲ್ಲುತ್ತಾರೇನು — ಇನ್ನೊಂದೀಟು ಹಾಕ್ರಿ, ಎಂದ, ಅದೇ ದನಿ, ಫೋನಿನ ದನಿ, ಖಾಲಿ ಲೋಟ ಮೇಲೆ ಬಾಯಿ ಮಾಡಿಕೊಂಡು ನಿಂತಿದೆ, ಹಾಕಿದೆ, ಈ ಸಲ ಚೆಲ್ಲಲಿಲ್ಲ.

ಇಂಕ ಪೋಲೇದಾ ನುವ್ವು, ಬುಚ್ಚಮ್ಮ ಬಾಗಿಲಲ್ಲಿ ನಿಂತಿದ್ದಾಳೆ, ಕೈಯಲ್ಲಿ ಚಟ್ನಿಯ ಬೋಗುಣಿ, ಇನ್ನೂ ಹೋಗಲಿಲ್ಲವಾ ನೀನು, ಅವ್ವ ಅಲ್ಲಿ ಒದ್ದಾಡುತ್ತಿದ್ದಾಳೆ, ತಲೆ ತೊಳೆದುಕೊಳ್ಳುವುದು ಯಾವಾಗ ಎಂದು ತೆಲುಗಿನಲ್ಲಿ ಒಂದೇ ಉಸಿರಿಗೆ ಬೈದಳು, ಹೆಸರು ಹಿಡಿಯಲಿಲ್ಲ, ಪುಣ್ಯ, ನಾನು ಕಣ್ಣು ದೊಡ್ಡದು ಮಾಡಿದೆ, ಅವಳು ಬೆಂಚಿನ ಕಡೆ ನೋಡಿದಳು, ಹಿತ್ತಾಳೆ ಲೋಟ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಬೋಗುಣಿ ಇಟ್ಟು ಸದ್ದಿಲ್ಲದೆ ಒಳಗೆ ಹೋದಳು, ಮಗಳ ಸಲ ಇದೇ ಬೆಂಚಿನ ಮೇಲೆ ನಡೆದದ್ದು ಅವಳು ಮರೆತಿಲ್ಲ, ರುಬ್ಬುವ ಸದ್ದು ಮತ್ತೆ ಬರಲೇ ಇಲ್ಲ, ಗೋಡೆಯ ಹಿಂದೆ ನಿಂತು ಕೇಳುತ್ತಿರಬೇಕು. ಏನಂದ್ರವ್ವ ಅವರು, ಎಂದಳು ಚನ್ನವೀರಮ್ಮ. ಹೊತ್ತಾತು ಮನಿಗಿ ಹೋಗು ಅಂದ್ರು ಎಂದೆ. ಹೇಳು ಮತ್ತ, ಆ ಹುಡುಗಿ, ಎಂದಳು. ಏನು ಹೇಳಲಿ, ಕಂಡದ್ದನ್ನು ಹೇಳು, ಕಾಣದ್ದನ್ನು ಸೇರಿಸಬೇಡ, ಅಪ್ಪನ ಮಾತು, ಒಳ್ಳೆಯವಳ್ರೀ ಎಂದರೆ ಆತ್ಮಸ್ತುತಿ, ಕೆಟ್ಟವಳು ಎನ್ನಲು ನನಗೇನು ಹುಚ್ಚೇ — ದುಡೀತಾಳ್ರಿ, ಎಂದೆ, ಅವ್ವನ್ನ ಚಲೋ ನೋಡ್ಕೊಂತಾಳ, ಬಾಯಿ ಸ್ವಲ್ಪ ಜೋರು. ಬಾಯಿ ಜೋರು ಎಂದಾಗ ಗೋಡೆಯ ಹಿಂದೆ ಬುಚ್ಚಮ್ಮ ಕೆಮ್ಮಿದಳು. ಚನ್ನವೀರಮ್ಮ ನಾನು ತಂದಿಟ್ಟ ಮಂಡಕ್ಕಿ ಒಗ್ಗರಣೆಗೆ ಬಜ್ಜಿ ಮುರಿದು ಕಲಸಿಕೊಂಡು ಬಾಯಿಗಿಟ್ಟಳು, ಕಣ್ಣು ಮುಚ್ಚಿ ರುಚಿ ನೋಡಿದಳು, ನಿನ್ನ ಕೈ ಭಾಳ ಚಲೋ ಐತವ್ವ ಎಂದಳು, ಆಮೇಲೆ ಟೇಬಲ್ಲಿನ ಮೇಲೆ ಬಾಗಿ ದನಿ ಇಳಿಸಿದಳು, ನೀ ಹೆಣ್ಣುಮಗಳು ಅಂತ ಕೇಳ್ತೀನಿ, ತಪ್ಪು ತಿಳ್ಕೋಬ್ಯಾಡ, ಆಕಿ ಬಂದ ಬಂದವರ ಜತಿಗೆ ನಕ್ಕೊಂತ ಮಾತಾಡ್ತಾಳಂತ, ಗುರ್ತಿಲ್ಲದ ಗಂಡಸರ ಎದುರಿಗೂ ಕುಂತು ಯಾವೂರು ಏನು ಅಂತ ಕೇಳ್ತಾಳಂತ, ಖರೇ ಏನು?

ಖರೇ, ನೂರಕ್ಕೆ ನೂರು ಖರೇ, ಈಗ ನಿಮ್ಮನ್ನು ಕರೆದು ಕೂಡಿಸಲಿಲ್ಲವೇ, ನಿಮ್ಮ ತಮ್ಮನ ಎದುರಿಗೇ ನಿಂತಿಲ್ಲವೇ, ನಕ್ಕಿದ್ದಕ್ಕೇ ಅಲ್ಲವೇ ನೀವು ಹೊಸಿಲು ದಾಟಿ ಒಳಗೆ ಬಂದದ್ದು, ಸಿಟ್ಟು ಬಂತು, ಅಪ್ಪ ನಕ್ಕರೆ ಕರಿಬಸಯ್ಯನ ಗುಣ, ಮಗಳು ನಕ್ಕರೆ ಊರಿಗೆಲ್ಲ ಸುದ್ದಿ, ಇದೇ ನಗುವಿಗೆ ಎದುರು ಮನೆಯವರು ಅವ್ವನ ಜೊತೆ ಮಾತು ಬಿಟ್ಟರು, ಇದೇ ನಗುವಿಗೆ — ಅಪ್ಪ ತೀರಿಕೊಂಡ ವಾರ ನಾನು ಶಟರ್ ಎತ್ತಿರಲಿಲ್ಲ, ಮುಂದೆ ಎತ್ತುವುದೂ ಇರಲಿಲ್ಲ, ಬಾಡಿಗೆಗೆ ಕೊಟ್ಟು ಸುಮ್ಮನಾಗೋಣ ಎಂದು ಅವ್ವನೂ ನಾನೂ ಮಾತಾಡಿಕೊಂಡಿದ್ದೆವು, ಬೀಗದ ಕೈ ಕೊಡಲೆಂದು ಬಂದರೆ ಶಟರಿನ ಮುಂದೆ ಒಬ್ಬ ಮುದುಕಿ, ಸೋಲಾಪುರದವಳು, ಕೈಯಲ್ಲಿ ಚೀಲ, ಇಲ್ಲೊಬ್ಬರು ಹಿತ್ತಾಳಿ ಲೋಟದಾಗ ಚಾ ಕೊಡತಿದ್ದರಲ್ಲ, ಭಾಳ ವರ್ಷದ ಹಿಂದ ನಮ್ಮ ಮನಿಯವರ ಕೂಡ ಬಂದಿದ್ದೆ ಎಂದಳು, ಅವರಿಲ್ಲ ಎಂದು ಹೇಳದೆಯೇ ಶಟರ್ ಎತ್ತಿದೆ, ಒಲೆ ಹಚ್ಚಿದೆ, ಲೋಟ ತೊಳೆದೆ, ಅಳು ಬರಬಾರದೆಂದು ನಕ್ಕೆ, ಅವತ್ತು ನಕ್ಕದ್ದು ಮೊದಲು, ಆ ಮುದುಕಿ ಮೆಲ್ಲಗೆ ಕುಡಿದು ಲೋಟ ಬೋರಲು ಇಟ್ಟು ನನ್ನ ತಲೆಯ ಮೇಲೆ ಕೈಯಿಟ್ಟಳು, ಏನೂ ಕೇಳಲಿಲ್ಲ, ಖಾಲಿ ಗಲ್ಲಾ ನೋಡಿ ಎಲ್ಲ ತಿಳಿದುಕೊಂಡಿದ್ದಳು, ಬೀಗದ ಕೈ ಅವತ್ತು ಸೊಂಟಕ್ಕೆ ಸಿಕ್ಕಿಸಿಕೊಂಡದ್ದು ಇವತ್ತಿಗೂ ಅಲ್ಲೇ ಇದೆ, ಇದನ್ನೆಲ್ಲ ಚನ್ನವೀರಮ್ಮನಿಗೆ ಹೇಗೆ ಹೇಳಲಿ. ನಗೋದು ತಪ್ಪೇನಕ್ಕ, ಎಂದ ಅವನು. ಲೋಟದೊಳಗೆ ನೋಡುತ್ತ ಹೇಳಿದ, ಮೆಲ್ಲಗೆ. ನೀ ಸುಮ್ಮಕಿರು, ನಿನಗ ತಿಳಿಯಂಗಿಲ್ಲ, ಎಂದಳು ಅವಳು. ಅವನು ಉಳಿದ ಚಹಾ ಕುಡಿದ, ಲೋಟವನ್ನು ಬೋರಲು ಇಟ್ಟ.

ಹಿತ್ತಾಳೆ ಟೇಬಲ್ಲಿನ ಕಲ್ಲಿಗೆ ತಾಗಿ ಟಣ್ ಎಂದಿತು, ಸಾಕು ಎಂದಿತು, ಅಕ್ಕ ಒಂದು ಮಾತು ಗದರಿದ್ದಕ್ಕೆ ಸಾಕಾಗಿ ಹೋಯಿತೇ, ಇಷ್ಟೇ ಏನಪ್ಪ ನೀನು, ಫೋನಿನಲ್ಲಿ ಅಷ್ಟು ಚೆಂದ ಮಾತಾಡಿದವನು — ಲೋಟದ ತಳದಲ್ಲಿ ಹುಣಸೆಹಣ್ಣಿನ ಹೊಳಪು, ಅಂಚಿನ ಸುತ್ತ ಚಹಾದ ತೆಳ್ಳಗಿನ ಗೆರೆ, ಒರೆಸಲಿಲ್ಲ. ಖರೇರಿ ಅಕ್ಕಾರ, ನಗ್ತಾಳ, ಎಂದೆ, ಹೊಸಬರು ಅಂಜಬಾರದು ಅಂತ ನಗ್ತಾಳ. ಚನ್ನವೀರಮ್ಮ ನನ್ನನ್ನೇ ನೋಡಿದಳು, ಕೆಟ್ಟ ಕಣ್ಣಲ್ಲ, ತಮ್ಮನ ಸಲುವಾಗಿ ನಿದ್ದೆಗೆಟ್ಟ ಕಣ್ಣು, ನಂದೂ ಹೊಟ್ಟಿ ಉರೀತೈತವ್ವ, ಒಮ್ಮೆ ಮನಿ ಹಾಳಾಗೇತಿ ಇವಂದು, ಇನ್ನೊಮ್ಮೆ ಆಗಬಾರದು, ಎಂದಳು, ಬೆಳಗ್ಗೆ ಎದ್ದಾಗ ಬಿಸಿ ನೀರು ಕಾಯಿಸಿ ಕೊಡಾಕ, ಊಟಕ್ಕ ಕುಂತಾಗ ಎದುರಿಗಿರಾಕ ಒಬ್ಬಾಕಿ ಬೇಕು, ಆಕಿ ಇಲ್ಲೆ ಗಲ್ಲಾದ ಮ್ಯಾಲ, ಇವ ಅಲ್ಲೆ ಅಂಗಡ್ಯಾಗ, ಹಂಗ ಹೆಂಗ ಸಂಸಾರ ಆಗ್ತೈತಿ — ಅವಳು ಹೇಳುವುದೂ ಸುಳ್ಳಲ್ಲ, ಅದೇ ನನ್ನನ್ನೂ ಎಷ್ಟು ದಿನದಿಂದ ಕುಟುಕುತ್ತಿದೆ, ರಾಯಚೂರಿನ ರೈಲು ಬೆಳಿಗ್ಗೆ ಇದೆ, ಸಂಜೆ ಇದೆ, ಜನ ಹೋಗಿ ಬರುವುದಿಲ್ಲವೇ, ಮೋಟಾರು ಸುತ್ತುವ ಕೆಲಸ ನಮ್ಮೂರಲ್ಲಿಲ್ಲವೇ, ಬೋರ್‌ವೆಲ್ಲಿನ ಮೋಟಾರು ಸುಟ್ಟರೆ ಗಟ್ಟುವಿನ ರೈತರು ಇದೇ ಬೆಂಚಿನ ಮೇಲೆ ಕೂತು ಯಾರು ಸುತ್ತಿಕೊಡ್ತಾರ ಎಂದು ಕೇಳುವುದಿಲ್ಲವೇ, ಎಲ್ಲ ಮನಸ್ಸಿನಲ್ಲೇ ಹೊಂದಿಸಿಟ್ಟಿದ್ದೇನೆ, ಯಾರೂ ಕೇಳಲಿಲ್ಲ ಅದಕ್ಕೆ ಹೇಳಲಿಲ್ಲ. ಅಲ್ಲವ್ವ, ನಿನ್ನಂಥಾಕಿ ಆಗಿದ್ರ ನಾ ಕಣ್ಣ ಮುಚ್ಚಿ ತರತಿದ್ದೆ ನೋಡು, ಎಂದಳು ಚನ್ನವೀರಮ್ಮ, ನನ್ನ ಕೈ ಹಿಡಿದು, ಹಿಟ್ಟಿನ ಕೈ. ನಗು ಬಂತು, ಅಳು ಬಂತು, ಎರಡನ್ನೂ ನುಂಗಿದೆ. ಒಂದ ಮಾತು ಖರೇ ಹೇಳಿಬಿಡು, ನಿನ್ನ ಮ್ಯಾಲ ವಿಶ್ವಾಸ ಐತಿ, ಲಗ್ನ ಆದ ಮ್ಯಾಲ ಆಕಿ ಹೋಟೆಲ್ ಬಿಡ್ತಾಳೇನು? ನಾಗಯ್ಯ ಬಿಡ್ತಾಳ ಅಂದಾನ.

ನಾಗಯ್ಯ ಮಾಮ ಹಾಗಂದದ್ದು ನನಗೆ ಗೊತ್ತು, ಅವ್ವ ಅವನಿಗೆ ಹಾಗೆ ಹೇಳಿ ಕಳಿಸಿದ್ದೂ ಗೊತ್ತು, ಕೇಳಿದರೆ ಹೂಂ ಅಂದುಬಿಡು, ಆಮ್ಯಾಲ ನೋಡ್ಕೊಂಡ್ರಾತು, ಎಂದಿದ್ದಳು ನಿನ್ನೆ ನನ್ನ ಕೂದಲಿಗೆ ಎಣ್ಣೆ ಹಚ್ಚುತ್ತ, ನಾನು ಆಗಲಿ ಎಂದು ತಲೆಯನ್ನೂ ಆಡಿಸಿದ್ದೆ, ಹೂಂ ಎಂಬುದು ಎಷ್ಟು ಸಣ್ಣ ಮಾತು, ಬಿಡ್ತಾಳ್ರಿ ಎಂದರೆ ಮುಗಿಯಿತು, ಇವರು ಎದ್ದು ಹೋಗಿ ಅಂಗಡಿ ಬೀದಿ ಸುತ್ತಿ ಮಧ್ಯಾಹ್ನ ಮನೆಗೆ ಬರುತ್ತಾರೆ, ನಾನು ಆ ಸೀರೆ ಉಟ್ಟು ಬೆಲ್ಲದ ನೀರು ತಂದು ಮುಂದಿಡುತ್ತೇನೆ, ಅಕ್ಕ ನನ್ನನ್ನು ನೋಡಿ ಬೆರಗಾಗಿ ನೀನಽ ಏನು ಎನ್ನುತ್ತಾಳೆ, ಎಲ್ಲರೂ ನಗುತ್ತಾರೆ, ಹೂವು ಮುಡಿಸುತ್ತಾರೆ, ಆಮೇಲೆ ಊಟಕ್ಕೆ ಕೂತಾಗ ಎದುರಿಗೆ ಆ ಸೀಳು ಹುಬ್ಬು, ದಿನಾ, ಬೆಳಿಗ್ಗೆ, ಸಂಜೆ — ಮತ್ತು ಇಲ್ಲಿ ಶಟರ್ ಇಳಿದಿರುತ್ತದೆ, ಹೊಸಿಲ ಆಚೆ ಯಾರದೋ ಕಾಲು ಬಂದು ನಿಂತು, ನಿಂತು, ಹೋಗಿಬಿಡುತ್ತದೆ, ಮೊಳೆಗೆ ತೂಗಿದ ಲೋಟ ಹಸಿರುಗಟ್ಟುತ್ತದೆ, ಹೂಂ ಅನ್ನು ರಂಜನಿ, ಅನ್ನು, ಬುಚ್ಚಮ್ಮ ಗೋಡೆಯ ಹಿಂದೆ ಉಸಿರು ಬಿಗಿಹಿಡಿದಿದ್ದಾಳೆ, ಅವ್ವ ಮನೆಯಲ್ಲಿ ದೇವರ ಮುಂದೆ ದೀಪ ಹಚ್ಚಿ ಕೂತಿದ್ದಾಳೆ, ಇವಳು ನನ್ನ ಕೈ ಹಿಡಿದು ನಿನ್ನ ಮೇಲೆ ವಿಶ್ವಾಸ ಎಂದಿದ್ದಾಳೆ, ಹಾಗನ್ನಬಾರದಿತ್ತು, ಆ ಒಂದು ಮಾತು ಅನ್ನದಿದ್ದರೆ ನಾನು ಹೂಂ ಅನ್ನುತ್ತಿದ್ದೆ. ಬಿಡಂಗಿಲ್ರಿ ಅಕ್ಕಾರ, ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಆಕಿ ಹೋಟೆಲ್ ಬಿಡಂಗಿಲ್ಲ. ಮನಸಿನಾಗ ಮನಿ ಮಾಡೋ ಆಸೆ ಭಾಳ ಐತಿ, ಆದರ ಇದನ್ನ ಬಿಡಂಗಿಲ್ಲ. ಚನ್ನವೀರಮ್ಮ ಕೈ ಬಿಟ್ಟಳು, ಅಷ್ಟು ಖಾತ್ರಿ ನೀ ಹೆಂಗ ಹೇಳ್ತಿ ಎಂದಳು. ಆಕಿ ನಾನ ಅದೀನ್ರಿ, ಎಂದೆ.

ಫ್ಯಾನು ತಿರುಗುತ್ತಿದೆ, ಬಾಣಲೆಯಲ್ಲಿ ಬಜ್ಜಿಯೊಂದು ಒಂಟಿಯಾಗಿ ಕರ್ರಗಾಗುತ್ತಿದೆ, ತೆಗೆಯಬೇಕು, ಕೆಟಲ್ ಬಲಗೈಯಲ್ಲಿ ಹಾಗೇ ಇದೆ, ಚನ್ನವೀರಮ್ಮ ನನ್ನ ಮುಖ ನೋಡಿದಳು, ಸೀರೆ ನೋಡಿದಳು, ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿದಳು, ಅದರ ಕೆಳಗೆ ಹೆಸರಿದೆ, ಈಗ ಓದುತ್ತಿದ್ದಾಳೆ, ಅವಳ ಮುಖ ಕೆಂಪಾಗಿದ್ದು ಸಿಟ್ಟಿಗೋ ನಾಚಿಕೆಗೋ ತಿಳಿಯದು, ಮೊದಲ ಹೇಳಬಾರದಿತ್ತೇನ ತಂಗಿ, ಎಂದಳು ಮೆಲ್ಲಗೆ. ಹೇಳಬೇಕಿತ್ತು, ಹೌದು, ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ, ಲೋಟದಲ್ಲಿ ಉಳಿದಿದ್ದ ಚಹಾವನ್ನು ಬಿಡದೆ ಕುಡಿದಳು, ಅನ್ನ ನೀರನ್ನು ಬಿಸಾಡುವವಳಲ್ಲ, ಸೆರಗಿನಿಂದ ಅಂಚು ಒರೆಸಿದಳು, ಬೋರಲು ಇಟ್ಟಳು, ಸದ್ದಾಗದ ಹಾಗೆ. ಎರಡೂ ಲೋಟ ಈಗ ಬೋರಲು. ಏಳೋ ಶರಣ, ನಡಿ, ನಾಗಯ್ಯಗ ಫೋನ್ ಮಾಡಿ ಹೇಳೂಣು, ಎಂದಳು, ಚೀಲ ಎತ್ತಿಕೊಂಡಳು, ಹೊಸಿಲ ತನಕ ಹೋದಳು, ಹೊಸ ಚಪ್ಪಲಿಯೊಳಗೆ ಕೆಂಪು ಹಿಮ್ಮಡಿ ನೂಕಿದಳು, ಹೋಗಿ ಬರ್ರಿ ಅಕ್ಕಾರ ಎನ್ನಬೇಕು, ಯಾರು ಹೊರಟರೂ ಅನ್ನುತ್ತೇನೆ, ಇವರಿಗೆ ಅನ್ನದೆ ಬೆಂಚಿನ ಕಡೆ ನೋಡುತ್ತೇನೆ, ಅವನು ಎದ್ದಿಲ್ಲ, ಯಾಕೆ ಎದ್ದಿಲ್ಲ, ಏಳೋ ಎಂದಳಲ್ಲ, ಅವನು ಟೇಬಲ್ಲಿನ ಮೇಲೆ ತನ್ನ ಲೋಟವನ್ನೇ ನೋಡುತ್ತಿದ್ದಾನೆ, ಶರಣ ಎಂದಳು ಅವಳು ಹೊಸಿಲಿನಿಂದ, ಕಂದು ಬೆರಳು ಲೋಟದ ತಳವನ್ನು ಮುಟ್ಟಿತು, ಹಿಡಿಯಿತು, ಎತ್ತಿತು — ಬೋರಲು ಇಟ್ಟದ್ದನ್ನು ತಿರುಗಿ ಎತ್ತಿದವರು ಈ ಹೋಟೆಲಿನಲ್ಲಿ ಇಲ್ಲಿಯತನಕ ಯಾರೂ ಇಲ್ಲ, ಎತ್ತಿದರೆ ಏನು ಮಾಡಬೇಕೆಂದು ಅಪ್ಪ ಹೇಳಿಕೊಟ್ಟಿಲ್ಲ — ಅವನು ಅದನ್ನು ಹೊರಳಿಸಿದ, ಬಾಯಿ ಮೇಲೆ ಮಾಡಿ ನನ್ನ ಕಡೆಗೆ ಸರಿಸಿದ, ಹಿತ್ತಾಳೆ ಲೋಟ, ಖಾಲಿ, ಒಳಗೆ ಕಿಟಕಿಯ ಬೆಳಕು, ಬಾಯಿ ಮೇಲೆ.